ಹತ್ತು ಪುಟದ ಅಳತೆ ಕಾಮಿಕ್ಸ್‌ಗೆ ಸಾಲದು

ಅಭಿರುಚಿಗೆ ಹೊಂದದ ಕಾಮಿಕ್ಸ್ ಪುಸ್ತಕವನ್ನು ಹತ್ತು ಪುಟ ಓದಿ ಬದಿಗಿಡಬಹುದು ಎಂದು ಕಾಮಿಕ್ಸ್ ಓದಿನ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ನೀಡಿರುವ ಸಲಹೆಯನ್ನು ನಾನು ಒಪ್ಪಲಾರೆ. ಗದ್ಯಕ್ಕೆ ಆ ಅಳತೆ ಸರಿಯಿರಬಹುದು. ಕಾಮಿಕ್ಸ್‌ನಲ್ಲಿ ಮೊದಲ ಹತ್ತು ಪುಟಗಳು ಕಣ್ಣನ್ನು ಪಳಗಿಸುವುದರಲ್ಲೇ ಕಳೆದುಹೋಗುತ್ತವೆ. ಸೂಪರ್‌ಹೀರೋ ಕಥೆಗಳನ್ನಷ್ಟೇ ಓದಿಕೊಂಡು ಬಂದವರು ಜಪಾನಿನ ಕಾಮಿಕ್ಸ್ ಆದ ಮಾಂಗಾ ಕೈಗೆತ್ತಿಕೊಂಡರೆ, ಬಲದಿಂದ ಎಡಕ್ಕೆ ಸಾಗುವ ಚೌಕಟ್ಟುಗಳಲ್ಲಿ ಯಾವುದು ಪ್ರಶ್ನೆ, ಯಾವುದು ಉತ್ತರ ಎಂಬುದೇ ಆರಂಭದಲ್ಲಿ ತಿಳಿಯದು. ಒಂದು ಕಿಟಕಿ, ಒಂದು ಖಾಲಿ ಕುರ್ಚಿ, ಮಳೆಯಲ್ಲಿ ನೆನೆಯುತ್ತಿರುವ ರಸ್ತೆ ಎಂದು ಮಾತಿಲ್ಲದೆ ಸಾಗುವ ಪುಟವನ್ನು, ಏನೂ ನಡೆಯಲಿಲ್ಲವೆಂದುಕೊಂಡು ಥಟ್ಟನೆ ಮಗುಚಿಬಿಡುತ್ತಾರೆ. ಪಾತ್ರದ ಒಂಟಿತನವೆಲ್ಲ ಇರುವುದು ಆ ಪುಟದಲ್ಲೇ. ಅದನ್ನು ಕಾಣಬೇಕಾದರೆ ಓದಿನ ವೇಗ ತಗ್ಗಬೇಕು.

ಚಿತ್ರದ ಶೈಲಿಯನ್ನು ಕಂಡೇ ಪುಸ್ತಕವನ್ನು ತಳ್ಳಿಹಾಕುವುದೂ ಅವಸರವೇ. ಅಮೆರಿಕದ ಕಾಮಿಕ್ಸ್ ಕಲಾವಿದ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ ಕೃತಿಯಲ್ಲಿ ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಕಾಣಿಸಿಕೊಳ್ಳುತ್ತಾರೆ. ಪ್ರಾಣಿಗಳ ಮುಖ ನೋಡಿ ಇದು ಮಕ್ಕಳ ಪುಸ್ತಕವೆಂದು ಬದಿಗಿಟ್ಟವರಿಗೆ, ಹತ್ಯಾಕಾಂಡದಿಂದ ಬದುಕುಳಿದ ತಂದೆಯನ್ನು ಮಗ ಕೂರಿಸಿಕೊಂಡು ಕೇಳುವ ಆ ಕಠಿಣ ಕಥನ ದಕ್ಕುವುದೇ ಇಲ್ಲ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಂದದ್ದು ಇದೇ ಕೃತಿಗೆ.

ಓದಿದ್ದೆಲ್ಲವೂ ಹಿಡಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಭಯಾನಕ ಕಾಮಿಕ್ಸ್ ನನಗೆ ಈಗಲೂ ಒಗ್ಗುವುದಿಲ್ಲ. ಆದರೆ ಯಾವುದೇ ಹೊಸ ಪ್ರಕಾರದ ಒಂದು ಸಂಪುಟವನ್ನಾದರೂ ಪೂರ್ತಿ ಓದಿದ ಬಳಿಕವೇ ಬೇಡವೆನ್ನುವಂತೆ ಲೇಖಕರು ತಮ್ಮ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ.