ಸತ್ಯಾಂಶ: ಸಣ್ಣ ಮೊತ್ತದ ವಿದೇಶಿ ಖಾತೆ ವರದಿಯಾಗುವುದಿಲ್ಲವೇ?

‘ವಿದೇಶಿ ಖಾತೆಯಲ್ಲಿ 2,50,000 ಡಾಲರ್‌ಗಿಂತ ಕಡಿಮೆ ಇದ್ದರೆ ತೆರಿಗೆ ಇಲಾಖೆಗೆ ಮಾಹಿತಿ ಹೋಗದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ವಿದೇಶಿಯರ ಖಾತೆಗಳ ಮಾಹಿತಿಯನ್ನು ದೇಶಗಳು ಪರಸ್ಪರ ಹಂಚಿಕೊಳ್ಳಲೆಂದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) 2014ರಲ್ಲಿ ರೂಪಿಸಿದ ಸಿಆರ್‌ಎಸ್ (ಕಾಮನ್ ರಿಪೋರ್ಟಿಂಗ್ ಸ್ಟ್ಯಾಂಡರ್ಡ್) ನಿಯಮದಲ್ಲಿ ಆ ಮಿತಿ ಇರುವುದು ಕಂಪನಿಯಂಥ ಸಂಸ್ಥೆಗಳ ಹಳೆಯ, ಅಂದರೆ ನಿಯಮ ಜಾರಿಗೆ ಬರುವ ಮೊದಲೇ ಇದ್ದ, ಖಾತೆಗಳಿಗೆ. ಅದೂ ಆಯಾ ದೇಶ ಅವಕಾಶ ಕೊಟ್ಟಿದ್ದರೆ. ವ್ಯಕ್ತಿಗಳ ಖಾತೆಗೆ ಇಂಥ ವಿನಾಯಿತಿಯಿಲ್ಲ. ವರ್ಷದ ನಡುವೆ ಖಾತೆ ಮುಚ್ಚಿದರೂ, ಮುಚ್ಚಿದ ಸಂಗತಿ ವರದಿಯಾಗುತ್ತದೆ.

ನಿಜವಾದ ತೊಡಕು ಹುಟ್ಟುವುದು ಖಾತೆದಾರರು ಬ್ಯಾಂಕಿಗೆ ತುಂಬಿಕೊಡುವ ಸ್ವಯಂ ಘೋಷಣೆಯ ಫಾರ್ಮ್‌ನಲ್ಲಿ. ಅನೇಕರು ಪೌರತ್ವ ಬರೆದು ಸುಮ್ಮನಾಗುತ್ತಾರೆ. ಬ್ಯಾಂಕ್ ಕೇಳುವುದು ನೀವು ಯಾವ ದೇಶದ ತೆರಿಗೆ ನಿವಾಸಿ, ಅಂದರೆ ತೆರಿಗೆ ಕಾನೂನಿನ ಪ್ರಕಾರ ಯಾವ ದೇಶದ ನಿವಾಸಿ ಎಂದು. ಎರಡು ದೇಶಗಳಲ್ಲಿ ನಿವಾಸಿಯಾಗಿದ್ದರೆ ಎರಡನ್ನೂ, ಅವುಗಳ ತೆರಿಗೆ ಗುರುತಿನ ಸಂಖ್ಯೆಗಳ ಜೊತೆ ಬರೆಯಿರಿ. ದೇಶ ಬದಲಾದಾಗ ಹೊಸ ಘೋಷಣೆ ಕೊಡದಿದ್ದರೆ, ಹಳೆಯ ವಿಳಾಸ ನೋಡಿ ಮಾಹಿತಿ ತಪ್ಪು ದೇಶಕ್ಕೆ ಹೋಗಬಹುದು.