ನಿಮಗೊಬ್ಬ ಪ್ರತಿನಿಧಿ ಇದ್ದಾರೆ, ಗೊತ್ತಾ?

ಸಂತೋಷದ ಸುದ್ದಿ. ನೀವು ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಫಾರ್ವರ್ಡ್ ಮಾಡುತ್ತಿರುವ ಹೊತ್ತಿಗೆ, ಯಾವುದೋ ದೇಶದ ಎಸಿ ಹಾಲ್‌ನಲ್ಲಿ ಯಾರೋ ಒಬ್ಬರು ನಿಮ್ಮ ಪರವಾಗಿ ಮಾತಾಡುತ್ತಿರುತ್ತಾರೆ. ನೀವು ಅವರನ್ನು ಆರಿಸಿಲ್ಲ. ಅವರ ಹೆಸರೂ ನಿಮಗೆ ಗೊತ್ತಿಲ್ಲ. ಗ್ರಾಮ ಪಂಚಾಯಿತಿ ಮೆಂಬರ್ ಆದರೆ ಚರಂಡಿ ಕಟ್ಟಿಕೊಂಡಾಗ ಬೈಯೋದಕ್ಕಾದರೂ ಬಸ್‌ ಸ್ಟ್ಯಾಂಡ್ ಹತ್ತಿರ ಸಿಗುತ್ತಾರೆ. ಇವರು ಅದಕ್ಕೂ ಸಿಗುವುದಿಲ್ಲ.

ಇಂಟರ್ನೆಟ್ಟಿನ ಡಾಟ್ ಕಾಮ್, ಡಾಟ್ ಆರ್ಗ್ ಥರದ ವಿಳಾಸಗಳನ್ನು ಯಾರು ನಡೆಸಬೇಕು, ಯಾವ ಷರತ್ತಿನ ಮೇಲೆ ನಡೆಸಬೇಕು ಅಂತ ನೋಡಿಕೊಳ್ಳುವುದು ಐಕಾನ್ ಎಂಬ ಸಂಸ್ಥೆ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. ಅದರೊಳಗೆ ನಮ್ಮಂಥ ಸಾಮಾನ್ಯರಿಗಾಗಿ ‘ಅಟ್ ಲಾರ್ಜ್’ ಎಂಬ ವಿಭಾಗ ಇದೆ, ಅದಕ್ಕೆ ಅಲ್ಯಾಕ್ ಎಂಬ 15 ಜನರ ಸಲಹಾ ಸಮಿತಿ. ಬಳಕೆದಾರರು 500 ಕೋಟಿಗೂ ಜಾಸ್ತಿ, ಕುರ್ಚಿ ಹದಿನೈದು. ಜಗತ್ತನ್ನು ಐದು ವಲಯ ಮಾಡಿ ತಲಾ ಮೂರು ಕುರ್ಚಿ ಹಂಚಿದ್ದಾರೆ. ಅಮೆರಿಕ, ಕೆನಡಾಗಳ ವಲಯಕ್ಕೆ ಮೂರು. ಭಾರತ, ಚೀನಾ, ಇಂಡೋನೇಷ್ಯಾ, ಜಪಾನ್, ಆಸ್ಟ್ರೇಲಿಯಾ, ಜೊತೆಗೆ ಪೆಸಿಫಿಕ್ ದ್ವೀಪಗಳೆಲ್ಲ ಸೇರಿದ ನಮ್ಮ ವಲಯಕ್ಕೂ ಮೂರೇ. ಯಾರಿಗೂ ಭೇದ ಮಾಡಿಲ್ಲ ನೋಡಿ.

ಹಾಗಂತ ಚುನಾವಣೆ ಆಗಲೇ ಇಲ್ಲ ಅನ್ನಬೇಡಿ, ಆಗಿದೆ. ನನಗೆ ತುಂಬಾ ಇಷ್ಟದ ಕಥೆ ಇದು. 2000ನೇ ಇಸವಿಯಲ್ಲಿ, ಯಾರು ಬೇಕಾದರೂ ಹೆಸರು ನೋಂದಾಯಿಸಿ ಐಕಾನ್ ನಿರ್ದೇಶಕರನ್ನು ಆರಿಸಬಹುದು ಎಂದರು. ಸುಮಾರು 1,58,000 ಜನ ಹೆಸರು ಕೊಟ್ಟರು. ಅವರಿಗೆ ಪಿನ್ ನಂಬರ್ ಹೋಗಿದ್ದು ಅಂಚೆಯಲ್ಲಿ. ಹೌದು, ಇಂಟರ್ನೆಟ್ ಚುನಾವಣೆಗೆ ಪೋಸ್ಟ್‌ಮ್ಯಾನ್! ಕೊನೆಗೆ ಮತ ಹಾಕಿದವರು ಸುಮಾರು 34,000, ಗೆದ್ದವರು ಐದು ಜನ. ಯುರೋಪಿನವರು ಜರ್ಮನಿಯ ಹ್ಯಾಕರ್ ಕ್ಲಬ್ಬಿನ ಆಂಡಿ ಮುಲ್ಲರ್-ಮಗುನ್ ಅವರನ್ನು ಆರಿಸಿ ಕಳಿಸಿದರು. ಉತ್ತರ ಅಮೆರಿಕದಿಂದ ಗೆದ್ದ ಕಾರ್ಲ್ ಔರ್‌ಬಾಕ್, ಮೀಟಿಂಗಿಗೆ ಬಂದು ಕಾಫಿ ಕುಡಿದು ಸಹಿ ಹಾಕಿ ಹೋಗುವುದು ಬಿಟ್ಟು, ಸಂಸ್ಥೆಯ ಕಡತ, ಲೆಕ್ಕಪತ್ರ ಎಲ್ಲ ತೋರಿಸಿ ಎಂದು ಕೂತರು. ಐಕಾನ್ ಷರತ್ತು ಹಾಕಿತು, ಅವರು ಕೋರ್ಟಿಗೆ ಹೋದರು, 2002ರ ಜುಲೈನಲ್ಲಿ ಗೆದ್ದೂ ಬಿಟ್ಟರು.

ಅದೇ ವರ್ಷ ಐಕಾನ್ ತನ್ನ ನಿಯಮಗಳನ್ನೇ ತಿದ್ದಿ ಚುನಾವಣೆ ಕೈಬಿಟ್ಟಿತು. ಕಾರಣಗಳು ಬೇಕಾದಷ್ಟಿದ್ದವು: ಜಗತ್ತಿಗೆಲ್ಲ ಚುನಾವಣೆ ಮಾಡೋದು ದುಬಾರಿ, ಮೋಸ ನಡೆಯಬಹುದು, ಇಷ್ಟು ಕಡಿಮೆ ಜನ ಎಲ್ಲರ ಪರವಾಗಿ ಹೇಗೆ ಆರಿಸುತ್ತಾರೆ, ಇತ್ಯಾದಿ. 34,000 ಜನ ತೀರಾ ಕಡಿಮೆಯಾಯಿತು ಅಂತ 15 ಜನರ ಸಮಿತಿ ಮಾಡಿದರು.

ಸಮಿತಿ ಸಲಹೆ ಕೊಡುತ್ತದೆ, ಅದು ಅದರ ಕೆಲಸ. ಸರ್ಕಾರಗಳೆಲ್ಲ ಒಮ್ಮತದಿಂದ ಸಲಹೆ ಕೊಟ್ಟರೆ ಅದನ್ನು ತಳ್ಳಿಹಾಕೋದಕ್ಕೆ ಐಕಾನ್ ನಿರ್ದೇಶಕರ ಮಂಡಳಿಯಲ್ಲಿ 60% ಮತ ಬೇಕು. ನಮ್ಮ ಸಮಿತಿಯ ಸಲಹೆಗೆ ಅಂಥ ಕಟ್ಟಳೆ ಏನೂ ಇಲ್ಲ. ‘ಪರಿಶೀಲಿಸಲಾಗುವುದು’ ಅನ್ನುವ ಉತ್ತರ ನಮ್ಮ ತಾಲ್ಲೂಕು ಆಫೀಸಿನಲ್ಲೇ ಹುಟ್ಟಿದ್ದು ಅಂದುಕೊಂಡಿದ್ದೆ, ಪರವಾಗಿಲ್ಲ, ಐಕಾನ್ ಆಫೀಸಿರುವ ಲಾಸ್ ಏಂಜಲಿಸ್‌ವರೆಗೂ ಹೋಗಿದೆ. 16 ಮತಗಳ ಆ ಮಂಡಳಿಯಲ್ಲಿ 2010ರಿಂದ ಬಳಕೆದಾರರ ಕಡೆಯವರಿಗೆ ಒಂದು ಸೀಟು ಸಿಕ್ಕಿದೆ. ಒಂದು.

ಅಲ್ಲಿ ದುಡಿಯುವ ಸ್ವಯಂಸೇವಕರನ್ನು ನಾನು ಬೈಯುತ್ತಿಲ್ಲ. ಸಂಬಳ ಇಲ್ಲದೆ, ಅರ್ಧರಾತ್ರಿಯ ಕಾನ್ಫರೆನ್ಸ್ ಕಾಲ್‌ನಲ್ಲಿ ನಿದ್ದೆಗೆಟ್ಟು ಕೂರುವವರು ಅವರು. ಬೇಕಿದ್ದರೆ ನೀವೂ ಸೇರಬಹುದು, ಬಾಗಿಲು ತೆರೆದೇ ಇದೆ. ಇಂಗ್ಲಿಷಿನ ದಪ್ಪ ದಪ್ಪ ವರದಿ ಓದಿಕೊಂಡು, ಸಂಕ್ಷಿಪ್ತ ಹೆಸರುಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿ, ವರ್ಷಗಟ್ಟಲೆ ಕಾಲ್‌ನಲ್ಲಿ ಕೂತರೆ ನೀವೂ ಸಾಮಾನ್ಯ ಬಳಕೆದಾರರ ದನಿ ಆಗಬಹುದು. ಅಷ್ಟೆಲ್ಲ ಆದ ಮೇಲೆ ನಿಮ್ಮನ್ನು ಸಾಮಾನ್ಯರು ಅಂತ ಯಾರು ಕರೆಯುತ್ತಾರೋ ಗೊತ್ತಿಲ್ಲ.

2016ರ ನವೆಂಬರ್ 3ರಿಂದ 9ರವರೆಗೆ ಐಕಾನ್ ಸಭೆ ಪಕ್ಕದ ಹೈದರಾಬಾದಿನಲ್ಲೇ ನಡೆಯಿತು. ತಾರೀಖು ನೋಡಿ ಏನೋ ನೆನಪಾಯಿತಾ? 8ರ ರಾತ್ರಿ 500, 1000ದ ನೋಟು ರದ್ದಾಯಿತು. ಇಂಟರ್ನೆಟ್ ಆಳೋದಕ್ಕೆ ದೇಶ ದೇಶಗಳಿಂದ ಬಂದವರು ಆ ಒಂದು ರಾತ್ರಿ ನಿಜಕ್ಕೂ ಸಾಮಾನ್ಯರಾದರು.

ನಮ್ಮ ಕಷ್ಟ ಏನು? ‘ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್, ಈ ಲಿಂಕ್ ಒತ್ತಿ’ ಅಂತ ಬರುವ ಮೆಸೇಜು. ಒತ್ತಿದರೆ ಬ್ಯಾಂಕ್ ಖಾತೆ ಖಾಲಿ. ಇಂಥ ಮೋಸದ ವಿಳಾಸ ಮಾರಿದ ಕಂಪನಿ ದೂರು ಬಂದಾಗ ವಿಚಾರಿಸಿ ‘ಸೂಕ್ತವಾಗಿ ಸ್ಪಂದಿಸಬೇಕು’ ಅಂತ ಐಕಾನ್ ಜೊತೆಗಿನ ಹಳೇ ಕರಾರಿನಲ್ಲಿ ಇತ್ತು. ಪುರಾವೆ ಸಿಕ್ಕರೆ ಅದನ್ನು ತಡೆಯುವ ಕ್ರಮ ತಗೊಳ್ಳಲೇಬೇಕು ಅಂತ ಸೇರಿಸಿದ್ದು 2024ರ ಏಪ್ರಿಲ್‌ನಲ್ಲಿ. ಸಂಸ್ಥೆಗೆ ಆಗ ವಯಸ್ಸು 25 ದಾಟಿತ್ತು. ಅವಸರ ಮಾಡಬಾರದು ಅಲ್ವಾ.

ಸುಮ್ನೆ ಕೂರದೆ ನಾವೇ ಬರೆದು ಹೇಳೋಣ ಅಂದರೆ ಅದಕ್ಕೂ ಅವಕಾಶ ಇದೆ, ಸಾರ್ವಜನಿಕ ಅಭಿಪ್ರಾಯ ಕೇಳುತ್ತಾರೆ. 2019ರಲ್ಲಿ ಡಾಟ್ ಆರ್ಗ್ ವಿಳಾಸಗಳ ಬೆಲೆಗೆ ಇದ್ದ ಮಿತಿ ತೆಗೆಯುತ್ತೇವೆ, ಏನಂತೀರಿ ಎಂದು ಕೇಳಿದರು. 3,000ಕ್ಕೂ ಜಾಸ್ತಿ ಜನ ಬರೆದರು, ಹೆಚ್ಚುಕಮ್ಮಿ ಎಲ್ಲರೂ ಬೇಡ ಎಂದರು. ಮಿತಿ ತೆಗೆದರು. ಆರು ತಿಂಗಳೂ ಕಳೆದಿರಲಿಲ್ಲ, ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನೇ ಒಂದು ಖಾಸಗಿ ಹೂಡಿಕೆ ಕಂಪನಿಗೆ 113 ಕೋಟಿ ಡಾಲರ್‌ಗೆ ಮಾರುವ ಮಾತು ಬಂತು. ಜಗತ್ತಿನ ಸೇವಾ ಸಂಸ್ಥೆಗಳೆಲ್ಲ ಬೊಬ್ಬೆ ಹಾಕಿದವು, ಐಕಾನ್ ತಿಂಗಳುಗಟ್ಟಲೆ ಯೋಚಿಸುತ್ತಾ ಕೂತಿತು. 2020ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, ಅಂದರೆ ಆ ರಾಜ್ಯ ಸರ್ಕಾರದ ಮುಖ್ಯ ವಕೀಲರು, ಮಾರಾಟ ಬೇಡ ಎಂದು ಒಂದು ಪತ್ರ ಬರೆದರು. ಆ ತಿಂಗಳು ಮುಗಿಯುವಷ್ಟರಲ್ಲಿ ಮಾರಾಟಕ್ಕೆ ಐಕಾನ್ ಒಪ್ಪಿಗೆ ಇಲ್ಲ ಎಂದಿತು.

ಆ ಅಟಾರ್ನಿ ಜನರಲ್ ಹುದ್ದೆಗೆ ಜನರೇ ಮತ ಹಾಕಿ ಆರಿಸುತ್ತಾರೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ವೋಟು ಇರುವ ಕನ್ನಡಿಗ ಬಂಧುಗಳೇ, ಮುಂದಿನ ಸಲ ಬ್ಯಾಲಟ್ ಬಂದಾಗ ಸ್ವಲ್ಪ ನಮ್ಮನ್ನೂ ನೆನೆಸಿಕೊಂಡು ಟಿಕ್ ಹಾಕಿ.