ವಾಂಡಾ ವಿಷನ್‌ನ ದೇಹ ಕದ್ದಿಲ್ಲ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಗೆಳೆಯರ ನಡುವೆ ಒಂದು ಮಾತು ಓಡಾಡುತ್ತಿದೆ. 2021ರ ಮಾರ್ವೆಲ್ ಸರಣಿ ‘ವಾಂಡಾವಿಷನ್’ನಲ್ಲಿ ಮಾಯಾಶಕ್ತಿಯ ನಾಯಕಿ ವಾಂಡಾ, ಸತ್ತುಹೋದ ತನ್ನ ಪ್ರಿಯಕರ, ಯಂತ್ರಮಾನವ ವಿಷನ್‌ನ ದೇಹವನ್ನು ಸೋರ್ಡ್ ಎಂಬ ಸರ್ಕಾರಿ ಸಂಸ್ಥೆಯಿಂದ ಕದ್ದು, ಅದಕ್ಕೇ ಜೀವ ಕೊಟ್ಟಳಂತೆ. ಇದು ತಪ್ಪು.

ಹಾಗೆ ಹೇಳಿದ್ದು ಐದನೇ ಕಂತಿನಲ್ಲಿ ಸೋರ್ಡ್ ಮುಖ್ಯಸ್ಥ ಹೇವರ್ಡ್. ಅವನ ಮಾತು ನಂಬೋದಾ? ಎಂಟನೇ ಕಂತನ್ನು ಗಮನವಿಟ್ಟು ನೋಡಿ. ಸೋರ್ಡ್‌ನಲ್ಲಿ ಬಿಚ್ಚಿ ಹರಡಿದ ವಿಷನ್‌ ದೇಹದ ತಲೆಯನ್ನು ವಾಂಡಾ ಮುಟ್ಟುತ್ತಾಳೆ, ಅಲ್ಲಿ ಅವನಿಲ್ಲ ಅಂತ ಗೊತ್ತಾಗುತ್ತದೆ. ಬರಿಗೈಲಿ ಹೊರಡುತ್ತಾಳೆ. ಆಮೇಲೆ ವೆಸ್ಟ್‌ವ್ಯೂ ಎಂಬ ಊರಿನಲ್ಲಿ, ವಿಷನ್ ಇಬ್ಬರಿಗಾಗಿ ಕೊಂಡಿದ್ದ ಖಾಲಿ ಸೈಟಿನಲ್ಲಿ ದುಃಖ ಕಟ್ಟೆಯೊಡೆಯುತ್ತದೆ. ಮನೆ, ಊರಿನ ಸುತ್ತಲಿನ ಮಾಯೆ, ಹೊಸ ವಿಷನ್ ಎಲ್ಲವೂ ಅವಳಿಂದಲೇ ಹುಟ್ಟಿದವು. ಎಂಥ ದೃಶ್ಯ ಅದು!

ಮಾಟಗಾತಿ ಅಗಾಥಾ ಬಂದದ್ದು ಆಮೇಲೆ. ಊರಿನವರನ್ನು ಆ ಮಾಯೆಯೊಳಗೆ ಹಿಡಿದಿಟ್ಟ ತಪ್ಪು ವಾಂಡಾದೇ, ನಿಜ. ಆದರೆ ಹಳೆಯ ದೇಹ ಹೇವರ್ಡ್ ಹತ್ತಿರವೇ ಇತ್ತು. ಸರಣಿಯ ಕೊನೆಗೆ ಬಿಳಿ ಬಣ್ಣದ ಇನ್ನೊಬ್ಬ ವಿಷನ್ ಆಗಿ ಎದ್ದದ್ದು ಅದೇ.